ಪಂಪಿನ ವರದಿಯ ಹಿಂದಿದ್ದ ಹುಡುಗಿ

ಮಕ್ಕಳು, ಮೊಮ್ಮಕ್ಕಳು, ಮದುವೆಯಾಗಿ ಬಂದ ನಾನು, ಎಲ್ಲರಿಗೂ ಊರಾಚೆಯ ಕೆರೆಯಲ್ಲಿ ಈಜು ಕಲಿಸಿದವರು ನಮ್ಮ ಅತ್ತೆ. ಆದರೆ ಎರಡು ಬೀದಿ ದಾಟಿದರೆ ಸಿಗುವ ಪುರಸಭೆಯ ಈಜುಕೊಳಕ್ಕೆ ಅವರು ಒಮ್ಮೆಯೂ ಕಾಲಿಟ್ಟವರಲ್ಲ. ಅವರು ಚಿಕ್ಕವರಿದ್ದಾಗ ಅವರಂಥ ಕಪ್ಪು ಮೈಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆಮೇಲೆ ಬಾಗಿಲು ತೆರೆಯಿತು, ಅತ್ತೆ ಪಟ್ಟು ಬಿಡಲಿಲ್ಲ. "ಮಾಡಿದ್ದು ತಪ್ಪು ಅಂತ ಒಂದು ಮಾತು ಹೇಳಲಿ, ಆಗ ಬರ್ತೀನಿ" ಎನ್ನುತ್ತಿದ್ದರು.

ಈ ವರ್ಷ ಕೊಳದ ಸಮಿತಿಯವರು ಬಾಗಿಲಲ್ಲಿ ಇತಿಹಾಸದ ಫಲಕ ಹಾಕಲು ಹೊರಟರು. "ಮೊದಲ ದಿನದಿಂದಲೂ ಎಲ್ಲರಿಗೂ ತೆರೆದ ಕೊಳ" ಎಂದು ಬರೆಸುವುದಿತ್ತು. ಅತ್ತೆ ನೇರ ಅಧ್ಯಕ್ಷರ ಬಳಿ ಹೋಗಿ ಜಗಳ ತೆಗೆದರು. ಅವರು ಒಳ್ಳೆಯ ಮನುಷ್ಯರೇ. "ನೀವು ಹೇಳೋದು ನಿಜ ಇರಬಹುದಮ್ಮ, ಆದ್ರೆ ಏನಾದ್ರೂ ದಾಖಲೆ ಬೇಕಲ್ಲ" ಎಂದರು. ಅತ್ತೆಗೆ ನೆನಪಿತ್ತು: ಆ ಕಾಲದಲ್ಲಿ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕಿ ಮನೆಮನೆಗೆ ಬಂದು, ಮಕ್ಕಳನ್ನೂ ಮಾತಾಡಿಸಿ ಬರೆದುಕೊಂಡು ಹೋಗಿದ್ದಳು.

ಮರುದಿನವೇ ನನ್ನನ್ನು ಎಳೆದುಕೊಂಡು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರು. ವರ್ಣಭೇದದ ಬಗ್ಗೆ ಕಂಪ್ಯೂಟರಿನಲ್ಲಿ ಹುಡುಕಿದರೆ ಯಾವ್ಯಾವುದೋ ದೇಶದ ಅಧ್ಯಯನಗಳು ಬಂದವು, ನಮ್ಮೂರಿನದು ಇಲ್ಲ. ನನ್ನ ಮುಖ ಚಿಕ್ಕದಾಯಿತು. ಲೈಬ್ರರಿಯನ್ ನಕ್ಕಳು.

"ಇದರಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ ಅಂತಲ್ಲಮ್ಮ. ಆಗೆಲ್ಲ ನಮ್ಮೋರು ಬೈಂಡಿಂಗ್ ಖರ್ಚು ಉಳಿಸೋಕೆ ತೆಳ್ಳಗಿರೋ ವರದಿನ ಅದೇ ಅಳತೆಯ ದಪ್ಪ ವರದಿ ಹಿಂದೆ ಸೇರಿಸಿ ಹೊಲಿಸಿಬಿಡ್ತಿದ್ರು. ಪಟ್ಟಿಯಲ್ಲಿ ಮುಂದಿರೋ ದಪ್ಪ ವರದಿ ಹೆಸರು ಮಾತ್ರ."

"ಹಾಗಾದ್ರೆ ಆ ಕಾಲದ ದಪ್ಪಗಿರೋದನ್ನೆಲ್ಲ ತಂದುಕೊಡಮ್ಮ" ಎಂದರು ಅತ್ತೆ.

ಕೋರಿಕೆ ಚೀಟಿ ಬರೆದು ಬರೆದು ನನ್ನ ಕೈ ಸೋತಿತು. ಬೀದಿದೀಪ, ಚರಂಡಿ, ಕಸದ ಲಾರಿ, ಊರಿನ ವರದಿಗಳೆಲ್ಲ ತಳ್ಳುಗಾಡಿಯಲ್ಲಿ ಬಂದವು. ಅತ್ತೆಯೋ ಚರಂಡಿಯ ವರದಿಯನ್ನೇ ಮೊದಲಿನಿಂದ ಓದುತ್ತ ಕೂತರು.

"ಅತ್ತೆ, ಹಿಂದಿನಿಂದ ನೋಡಿ!"

"ತಡಿಯೇ. ನಮ್ಮ ಬೀದಿ ಚರಂಡಿಗೆ ಆಗಲೂ ಇದೇ ಗತಿ ಕಣೇ!"

ಕೊನೆಗೆ ಸಿಕ್ಕಿದ್ದು ನೀರೆತ್ತುವ ಪಂಪುಗಳ ವರದಿಯ ಹಿಂದೆ. ತೆಳ್ಳಗಿನ ಅಧ್ಯಯನ, ಮಸುಕಾದ ಟೈಪು. ಕೊಳದ ಕಾವಲುಗಾರ ಯಾರನ್ನು ಏನು ಹೇಳಿ ವಾಪಸು ಕಳಿಸುತ್ತಿದ್ದ ಎಂಬುದೆಲ್ಲ ಅದರಲ್ಲಿತ್ತು. ಒಂದು ಪುಟದಲ್ಲಿ ಟೈಲರನ ಮಗಳು, ಒಂಬತ್ತು ವರ್ಷ. ಒಳಗೆ ಬಿಟ್ಟರೆ ಏನು ಮಾಡುತ್ತೀಯ ಎಂದು ಕೇಳಿದ್ದಕ್ಕೆ ಆಕೆಯ ಉತ್ತರ: "ದಡದಲ್ಲಿ ಕೂತೋರೆಲ್ಲ ನೆನೆಯೋ ಹಾಗೆ ಹಾರ್ತೀನಿ."

"ನಾನೇ ಕಣೇ ಇದು!" ಓದುವ ಕೋಣೆ ಎನ್ನುವುದನ್ನೂ ಮರೆತು ಅತ್ತೆ ಕೂಗಿದರು. ಯಾರೂ ಗದರಲಿಲ್ಲ. ಲೈಬ್ರರಿಯನ್ ಪುಟಗಳ ಪ್ರತಿ ತೆಗೆಸಲು ತಾನೇ ಓಡಿದಳು.

ಫಲಕದ ಬರಹ ಬದಲಾಯಿತು. ಕಪ್ಪು ಮೈಯವರನ್ನು ಹೊರಗಿಟ್ಟಿದ್ದು ತಪ್ಪು ಎಂಬ ಸಾಲನ್ನು ಅಧ್ಯಕ್ಷರು ಇಸ್ತ್ರಿ ಮಾಡಿದ ಕೋಟು ತೊಟ್ಟು ಎಲ್ಲರೆದುರು ಗಟ್ಟಿಯಾಗಿ ಓದಿದರು. ಆಮೇಲೆ ದಡದ ಕುರ್ಚಿಯಲ್ಲಿ ಕೂತರು. ಅತ್ತೆ ಈಜುಡುಪಿನಲ್ಲಿ ನೀರಿಗೆ ಹಾರುವ ಹಲಗೆ ಏರಿದರು.

"ಸ್ವಲ್ಪ ಹಿಂದೆ ಸರಿದುಕೊಳ್ಳಿ ಸರ್" ಎಂದೆ.

"ಪರವಾಗಿಲ್ಲಮ್ಮ, ಇಲ್ಲೇ ಇರ್ತೀನಿ" ಎಂದರು. ಆ ಪುಟವನ್ನು ಅವರೂ ಓದಿದ್ದರು.

ಅತ್ತೆ ಹಾರಿದರು. ಅಧ್ಯಕ್ಷರ ಕೋಟು ತೊಯ್ದು ತೊಪ್ಪೆಯಾಯಿತು.