ಉದುರಿಹೋದ ‘ಡಿ’

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ಸಿಸ್ಟರಮ್ಮ. ಮಕ್ಕಳ ವಾರ್ಡಿನಲ್ಲಿ ತಲೆ ನರೆಯುವವರೆಗೆ ದುಡಿದವರು. ಮಂಡಿ ಕೈಕೊಟ್ಟ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದೆ, ಒಂದು ಆರೋಗ್ಯ ಸಹಾಯವಾಣಿಯ ಕೆಲಸ ಹಿಡಿದಿದ್ದರು. ಮನೆಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಾಬರಿಬಿದ್ದ ತಾಯಂದಿರಿಗೆ ದಾರಿ ಹೇಳುವುದು. ಕರೆಗಳೆಲ್ಲ ಬರುತ್ತಿದ್ದುದು ಇಂಟರ್ನೆಟ್ಟಿನಲ್ಲೇ. “ಮಂಡಿ ಕೈಕೊಟ್ಟರೂ ಬಾಯಿ ಕೈಬಿಟ್ಟಿಲ್ಲ, ಪುಣ್ಯ” ಎಂದು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ಗಂಡ ಛೇಡಿಸುತ್ತಿದ್ದರು.

ಕೆಲಸವೇನೋ ಹಿಡಿಸಿತ್ತು. ವೈಫೈಯದೇ ರಗಳೆ. ಅದರ ಪೆಟ್ಟಿಗೆ ಇದ್ದುದು ಹಾಲಿನಲ್ಲಿ, ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ. ಅಲ್ಲಿಗೆ ಅದನ್ನು ತಳ್ಳಿದವರು ಅತ್ತೆ. “ಹಗಲೆಲ್ಲ ಕಣ್ಣು ಮಿಟುಕಿಸ್ತಾ ಕೂತಿರುತ್ತೆ, ನೋಡಿದ್ರೆ ಮೈ ಉರಿಯುತ್ತೆ” ಎಂಬುದು ಅವರ ದೂರು.

ಕರೆಯಲ್ಲಿ ಮಾತು ತುಂಡಾಗುತ್ತದೆಂದು ಸಿಸ್ಟರಮ್ಮ ಇಂಟರ್ನೆಟ್ಟಿನವನನ್ನು ಕರೆಸಿದ್ದರು. ಮನೆಯವರ ಬಾಯಲ್ಲಿ ಅವನು ವೈರಣ್ಣ. ಅವನು ಮನೆಯೆಲ್ಲ ಓಡಾಡಿ ನೋಡಿ ಹೇಳಿದ: “ಸಿಸ್ಟರಮ್ಮ, ಸಿನಿಮಾ ಆದ್ರೆ ಒಂಚೂರು ನಿಂತು ಮುಂದೆ ಹೋಗುತ್ತೆ. ಮಾತು ಹಾಗಲ್ಲ. ಚೂರು ಚೂರಾಗಿ ಹೋಗುತ್ತೆ. ತಡವಾಗಿ ಬಂದ ಚೂರಿಗೆ ಆ ಕಡೆಯ ಯಂತ್ರ ಕಾಯೋದಿಲ್ಲ, ಬಿಸಾಕಿಬಿಡುತ್ತೆ. ಪೆಟ್ಟಿಗೇನ ಬೀರುವಿನಿಂದ ಈಚೆ ತೆಗೆದು ಎತ್ತರದಲ್ಲಿಡಿ. ಎಲ್ಲಕ್ಕಿಂತ ಒಳ್ಳೇದು, ಈ ವೈರನ್ನ ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ. ಮತ್ತೆ ನೀವು ಕರೇಲಿರೋವಾಗ ಮನೇಲಿ ಬೇರೆಯವರು ವಿಡಿಯೋ ನೋಡಕೂಡದು.”

“ಹಾಲ್ ತುಂಬ ಹಗ್ಗ ಕಟ್ಟಿ ಸೀರೆ ಒಣಗಿಸ್ತೀಯೇನೇ ಹುಡುಗಿ?” ಎಂದರು ಅತ್ತೆ. ಸೊಸೆಯ ತಲೆ ಬೆಳ್ಳಗಾಗಿದ್ದರೂ ಅವರ ಪಾಲಿಗೆ ಆಕೆ ಹುಡುಗಿಯೇ. “ಎಡವಿ ಬಿದ್ದು ಸೊಂಟ ಮುರ್ಕೊಂಡ್ರೆ ನನ್ನನ್ನ ಎತ್ತೋರು ಯಾರು, ವೈರಣ್ಣ ಬರ್ತಾನಾ?”

ಸಿಸ್ಟರಮ್ಮನಿಗೆ ಜಗಳ ಬೇಕಿರಲಿಲ್ಲ. ವೈರಿನ ಸುರುಳಿ ಬೀರುವಿನ ಮೇಲೆ ಧೂಳು ತಿನ್ನುತ್ತ ಕೂತಿತು.

ಮುಂದೊಂದು ಮಧ್ಯಾಹ್ನ, ಊಟದ ತಟ್ಟೆ ತೊಳೆದಿಟ್ಟು ಬಂದು ಕೂತೊಡನೆ ಕರೆ ಬಂತು. ವಯಸ್ಸಾದ ಹೆಂಗಸಿನ ದನಿ.

“ಸಿಸ್ಟರೇ, ನಮ್ಮ ಮೊಮ್ಮಗಳು ಸೀಮೆಎಣ್ಣೆ ಕುಡಿದ್ಬಿಟ್ಟಿದೆ! ಬಾಗಿಲಿಗೆ ಬಣ್ಣ ಬಳಿಯೋರು ಬ್ರಷ್ ತೊಳೆಯೋಕೆ ನೀರಿನ ಬಾಟಲೀಲಿ ಹಾಕಿಟ್ಟಿದ್ರು. ನೀರು ಅಂದ್ಕೊಂಡು ಎತ್ತಿದೆ.”

“ಎಚ್ಚರವಾಗಿದೆಯಾ ಅಮ್ಮಾ ಮಗು?”

“ಅಳ್ತಿದೆ, ಕೆಮ್ತಿದೆ.”

ಸೀಮೆಎಣ್ಣೆ ಹೊಟ್ಟೆಯಲ್ಲಿರುವುದಕ್ಕಿಂತ, ವಾಂತಿಯಾಗಿ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿಯುವುದೇ ಹೆಚ್ಚು ಅಪಾಯ. ಹಾಗೆ ನೀಲಿಗಟ್ಟಿದ ಪುಟ್ಟ ತುಟಿಗಳನ್ನು ವಾರ್ಡಿನಲ್ಲಿ ಸಿಸ್ಟರಮ್ಮ ಕಣ್ಣಾರೆ ಕಂಡಿದ್ದರು. ಆದರೂ ದನಿ ನಡುಗದಂತೆ ಹೇಳಿದರು: “ಗಮನ ಕೊಟ್ಟು ಕೇಳಿ. ವಾಂತಿ ಮಾಡಿಸಬೇಡಿ.”

ಅದೇ ಗಳಿಗೆಯಲ್ಲಿ ಹಾಲಿನ ಟಿವಿಯಿಂದ, ಅದೇ ವೈಫೈಯಲ್ಲಿ ಬರುವ ಅತ್ತೆಯ ಧಾರಾವಾಹಿಯ ಹಾಡು ಕೇಳಿಸಿತು. ಹೆಡ್‌ಫೋನಿನಲ್ಲಿ ಡಬ್ಬದೊಳಗೆ ಕಲ್ಲು ಕುಲುಕಿದ ಸದ್ದು. ಅದರ ನಡುವಿನಿಂದ ಅಜ್ಜಿಯ ದನಿ ಒಡೆದು ಒಡೆದು ಬಂತು: “ಆಯ್ತು ಸಿಸ್ಟರೇ... ಮಾಡಿಸ್ತೀನಿ. ಉಪ್ಪುನೀರು...” ಕರೆ ಕಡಿದುಹೋಯಿತು.

ನಮ್ಮ ಭಾಷೆಯಲ್ಲಿ ಬೇಕೋ ಬೇಡವೋ ಎಂಬುದು ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಮಾಡಿಸಬೇ’ ಎಂಬಲ್ಲಿಯವರೆಗೆ ಎರಡೂ ಒಂದೇ. ಮುಂದೆ ‘ಕು’ ಬಂದರೆ ಅಪ್ಪಣೆ, ‘ಡಿ’ ಬಂದರೆ ನಿಷೇಧ. ಆ ‘ಡಿ’ ಬೀರುವನ್ನು ದಾಟದೆ ಎಲ್ಲೋ ಉದುರಿತ್ತು. ಗಾಬರಿಗೊಂಡ ಅಜ್ಜಿ ತನಗೆ ತೋಚಿದ ಅಕ್ಷರವನ್ನು ಅಲ್ಲಿ ಕೂಡಿಸಿಕೊಂಡಿದ್ದಳು.

ಕರೆ ಮಾಡಿದವರ ನಂಬರು ಸಿಸ್ಟರಮ್ಮನಿಗೆ ಕಾಣುತ್ತಿರಲಿಲ್ಲ. ಮೊಬೈಲಿನಲ್ಲಿ ಸಹಾಯವಾಣಿಯ ಮೇಲ್ವಿಚಾರಕಿಗೆ ಹೇಳಿದರು: “ಮೇಡಂ, ಆ ನಂಬರಿಗೆ ಮಾಡಿ, ಸಿಕ್ಕಿದ ತಕ್ಷಣ ವಾಂತಿ ಬೇಡ ಅನ್ನಿ.”

“ಮಾಡ್ತಾನೇ ಇದೀನಿ ಸಿಸ್ಟರ್, ಬ್ಯುಸಿ ಬರ್ತಿದೆ. ಅವರೂ ನಮಗೇ ಮಾಡ್ತಿರಬೇಕು. ಬಂದ್ರೆ ಮತ್ತೆ ನಿಮಗೇ ಬರುತ್ತೆ. ಲೈನ್ ನೋಡ್ಕೊಳ್ಳಿ!”

ಕಡಿದ ಕರೆ ಮೊದಲು ಮಾತಾಡಿದವರಿಗೇ ಮರಳುವುದು ಅಲ್ಲಿಯ ಏರ್ಪಾಡು. ಸಿಸ್ಟರಮ್ಮ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಮಂಡಿನೋವನ್ನೂ ಮರೆತು ಹಾಲಿಗೆ ಓಡಿದರು.

“ರೀ! ಬೀರು ಸರಿಸಿ! ಅತ್ತೆ, ಟಿವಿ ಆರಿಸಿ!”

“ಏನಾಯ್ತೇ?” ಗಂಡ ಕತ್ತರಿ ಕೈಯಲ್ಲಿದ್ದಂತೆಯೇ ಬಂದರು.

“ನನ್ನ ಮಾತು ತಪ್ಪಾಗಿ ಮುಟ್ಟಿದೆ. ಮಗು ಸತ್ತುಹೋಗುತ್ತೆ.”

ರಿಮೋಟು ಎಲ್ಲಿ ಬಿದ್ದಿತ್ತೋ, ಅತ್ತೆ ಎದ್ದು ಹೋಗಿ ಟಿವಿಯ ಪ್ಲಗ್ಗನ್ನೇ ಕಿತ್ತರು. ಗಂಡ ಬೀರುವಿಗೆ ಹೆಗಲು ಕೊಟ್ಟರು. ಪೆಟ್ಟಿಗೆ ಈಚೆ ಬಂತು. ಸುರುಳಿ ಬಿಚ್ಚುವಷ್ಟು ತಾಳ್ಮೆ ಯಾರಿಗಿತ್ತು? ಸುರುಳಿಯಿದ್ದಂತೆಯೇ ಎರಡು ತುದಿಗಳನ್ನು ಹುಡುಕಿ, ಒಂದನ್ನು ಪೆಟ್ಟಿಗೆಗೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಚುಚ್ಚಲು ಹೋದರೆ, ಸಿಸ್ಟರಮ್ಮನ ಅವಸರಕ್ಕೆ ತುದಿ ತೂತಿಗೆ ಕೂರುತ್ತಿಲ್ಲ. ಸೂಜಿಗೆ ದಾರ ಪೋಣಿಸುವ ಕೈ ಗಂಡನದು. ಅವರೇ ಕಿತ್ತುಕೊಂಡು ಚುಚ್ಚಿದರು.

“ಬರುತ್ತಾ?” ಎಂದರು ಅತ್ತೆ, ಪಿಸುಮಾತಿನಲ್ಲಿ.

ಮೂವರೂ ನೆಲದ ಮೇಲೆ ಕೂತು ಆ ಪರದೆಯನ್ನು ದಿಟ್ಟಿಸಿದರು. ಈಗ ಉಪ್ಪು ಕರಗುತ್ತಿದೆ, ಈಗ ಲೋಟ ಬಾಯಿಗೆ ಬಂತು ಎಂದು ಸಿಸ್ಟರಮ್ಮನ ಮನಸ್ಸು ತಾನೇ ಚಿತ್ರ ಬಿಡಿಸಿಕೊಳ್ಳುತ್ತಿತ್ತು.

ಕರೆ ಬಂತು.

“ಬೇಡ! ಬೇಡ! ವಾಂತಿ ಬೇಡ! ಉಪ್ಪುನೀರು ಬೇಡ!”

“ಅಯ್ಯೋ, ಈಗ ತಾನೇ ನೀವೇ ಮಾಡಿಸಬೇಕು ಅಂದ್ರಲ್ಲ!” ದನಿ ಪಕ್ಕದಲ್ಲೇ ಕೂತಂತೆ ಸ್ಪಷ್ಟವಾಗಿತ್ತು.

“ಕುಡಿಸಿದ್ರಾ?”

ಆ ಕಡೆ ಸದ್ದಿಲ್ಲ. ಆ ಮೌನ ಲೈನಿನದೋ, ಹೇಳಲಾಗದ ಉತ್ತರದ್ದೋ ತಿಳಿಯದೆ ಸಿಸ್ಟರಮ್ಮ ಗಂಡನ ತೋಳನ್ನು ಬಿಗಿಯಾಗಿ ಹಿಡಿದರು.

“ಎಲ್ಲಿ ಕುಡಿಸೋದು, ಲೋಟಾನೇ ಒದ್ದು ಚೆಲ್ಲಿದಾಳೆ. ಬೆರಳು ಹಾಕೋಕೆ ಹೋದ್ರೆ ಕಚ್ಚಿಬಿಟ್ಟಳು ಕಣಮ್ಮಾ, ರಾಕ್ಷಸಿ! ರಕ್ತ ಬಂದಿದೆ.”

“ಕಚ್ಚಲಿ ಅಮ್ಮಾ, ಇನ್ನೂ ಕಚ್ಚಲಿ!” ಎಂದರು ಸಿಸ್ಟರಮ್ಮ. ನಗುವೋ ಅಳುವೋ ಅವರಿಗೇ ಗೊತ್ತಾಗಲಿಲ್ಲ. “ಈಗ ಅವಳ ಬಾಯಿಗೆ ಏನೂ ಹೋಗಕೂಡದು, ಹಾಲೂ ಬೇಡ. ಎಣ್ಣೆ ಬಿದ್ದ ಬಟ್ಟೆ ತೆಗೀರಿ. ನೆಟ್ಟಗೆ ಕೂರಿಸಿಕೊಂಡು ಈಗಲೇ ಆಸ್ಪತ್ರೆಗೆ ಹೊರಡಿ, ಬಾಟಲೀನೂ ತಗೊಳ್ಳಿ. ಏನು ಹೇಳಿದೆ, ಹೇಳಿ?”

ಅಜ್ಜಿ ಒಂದೊಂದನ್ನೂ ತಿರುಗಿ ಹೇಳಿದಳು.

ಸಂಜೆ ಮೇಲ್ವಿಚಾರಕಿಯ ಫೋನ್ ಬಂತು: ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡಿದ್ದಾರೆ, ಕೆಮ್ಮು ಇದೆ, ಉಸಿರಾಟ ಸರಿಯಾಗಿದೆ. ಅತ್ತೆ “ಬದುಕಿತು ಬಡಜೀವ” ಎಂದು ಕಣ್ಣೊರೆಸಿಕೊಂಡರು.

ಪೆಟ್ಟಿಗೆ ಈಗ ಎತ್ತರದಲ್ಲಿದೆ. ವೈರು ಗೋಡೆಯಂಚಿನಲ್ಲಿ ಹಾದು ಕೋಣೆ ಸೇರಿದೆ. ಮಾತು ಗಂಟೆ ಹೊಡೆದಂತೆ ಕೇಳಿಸುತ್ತದೆ. ಆದರೂ ಪ್ರತಿ ಕರೆಯಲ್ಲೂ ಸಿಸ್ಟರಮ್ಮ ‘ಬೇಡ’ವನ್ನು ಮುಂದಿಟ್ಟೇ ಮಾತು ಶುರುಮಾಡುತ್ತಾರೆ. ಕೊನೆಗೆ, “ನಾನೇನು ಹೇಳಿದೆ, ನೀವೇ ಹೇಳಿ ನೋಡೋಣ” ಎನ್ನುತ್ತಾರೆ.

“ನಾನೇನು ಸ್ಕೂಲ್ ಹುಡುಗೀನಾ?” ಎಂದು ಕೆಲವರು ರೇಗುವುದುಂಟು.

“ಹೌದಮ್ಮಾ, ಇದೊಂದು ಸಲ ಆಗಿಬಿಡಿ” ಎನ್ನುತ್ತಾರೆ ಸಿಸ್ಟರಮ್ಮ. ಆಮೇಲೆ, ಆ ಕಡೆಯವರ ಬಾಯಿಂದ ಕಟ್ಟಕಡೆಯ ಅಕ್ಷರ ಬಂದು ಮುಟ್ಟುವವರೆಗೆ, ಉಸಿರು ಬಿಗಿಹಿಡಿದು ಕೂರುತ್ತಾರೆ.