ಮಳೆಯನ್ನು ಮುಚ್ಚಿಟ್ಟ ಪುಟ

ಲೋಣಾವಳಾದ ಆ ಸಂಜೆ ಮಳೆ ಸುರಿಯುತ್ತಿತ್ತೋ, ಇಲ್ಲವೇ ಈ ಕಥೆಗೆ ಮಳೆ ಬೇಕೆಂದು ನನ್ನ ನೆನಪೇ ಆಮೇಲೆ ಅದನ್ನು ಸುರಿಸಿಕೊಂಡಿತೋ, ಆಣೆ ಮಾಡಿ ಹೇಳಲಾರೆ. ಪುಣೆಯ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು ನಾನು. ಎಲ್ಲವನ್ನೂ ಸಂಶಯಿಸುವ ವಿದ್ಯೆಯನ್ನು ಗುರುಗಳು ಚೆನ್ನಾಗಿಯೇ ಕಲಿಸಿದರು. ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ಪಾಠ ಬರುವಷ್ಟರಲ್ಲಿ ಪರೀಕ್ಷೆ ಬಂದುಬಿಟ್ಟಿತು. ಮನೆಗೆ ಬೀಗ ಹಾಕಿ ರಸ್ತೆಗಿಳಿದ ಮೇಲೆ, ಹಾಕಿದ್ದು ಹೌದೇ ಎಂದು ಮರಳಿ ಮೆಟ್ಟಿಲು ಹತ್ತುವವರ ಪಂಗಡಕ್ಕೆ ಸೇರಿದವನು ಹೇಳುವ ಕಥೆಯಿದು ಎಂದು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ಹೊಸ ಶತಮಾನದ ಮೊದಲ ವರ್ಷಗಳವು. ಸದಾಶಿವ ಪೇಠೆಯ ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ನನ್ನ ಕಚೇರಿ. ಇಂಟರ್ನೆಟ್ಟಿನಲ್ಲಿ ಜನ ಏನನ್ನಾದರೂ ಹುಡುಕಿದಾಗ ನಮ್ಮ ಗಿರಾಕಿಯ ಪುಟವೇ ಎಲ್ಲರಿಗಿಂತ ಮೇಲೆ ಕಾಣುವಂತೆ ಮಾಡುವುದು ನನ್ನ ಉದ್ಯೋಗ. ಇದನ್ನು ಮನೆ ಮಾಲೀಕರಿಗೆ ಮರಾಠಿಯಲ್ಲಿ ಮನಮುಟ್ಟುವಂತೆ ವಿವರಿಸಿದ್ದೆ. ಅವರು ಎಲ್ಲ ಕೇಳಿ, ಮರುದಿನ ತಮ್ಮ ಕೆಟ್ಟ ರೇಡಿಯೊ ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಮಲ್ಲಪ್ಪನವರು ನನ್ನಲ್ಲಿಗೆ ಬಂದದ್ದು ಒಂದು ಬೇಸಿಗೆಯಲ್ಲಿ. ವಿಜಾಪುರದ ಕಡೆಯವರು. ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಅಣ್ಣನೊಂದಿಗೆ ಬಟ್ಟೆ ಅಂಗಡಿ ನಡೆಸುತ್ತಿದ್ದವರು, ಆ ಗದ್ದಲ ಒಗ್ಗದೆ ಲೋಣಾವಳಾದಲ್ಲಿ ಒಂದು ಸಣ್ಣ ಲಾಡ್ಜು ಹಾಕಿದ್ದರು. ಕಟ್ಟಡ ಮಾತ್ರ ಅಣ್ಣನ ಹೆಸರಿನಲ್ಲಿತ್ತು. ಮಳೆಗಾಲದ ಶನಿವಾರ, ಭಾನುವಾರ ಮುಂಬೈಯಿಂದ ಬರುವ ಜನ ಜಲಪಾತದಡಿ ನೆಂದು, ಸುಟ್ಟ ಮೆಕ್ಕೆಜೋಳ ತಿಂದು, ಚಿಕ್ಕಿ ಕಟ್ಟಿಸಿಕೊಂಡು ಸಂಜೆಯ ರೈಲಿಗೆ ವಾಪಸಾಗುತ್ತಿದ್ದರು. ಉಳಿದ ದಿನ ಕೋಣೆಗಳಲ್ಲಿ ಪಾಚಿಯದೇ ವಾಸ. ಈ ಮಳೆಗಾಲವೂ ಖಾಲಿ ಹೋದರೆ ಲಾಡ್ಜು ಮುಚ್ಚಿ ಗೋದಾಮು ಮಾಡುತ್ತೇನೆ, ನೀನು ಮತ್ತೆ ಅಂಗಡಿಯ ಗಲ್ಲೆಯ ಮೇಲೆ ಬಂದು ಕೂಡು ಎಂದು ಅಣ್ಣ ಹೇಳಿಬಿಟ್ಟಿದ್ದ. ಕೊಲ್ಲಿ ದೇಶಗಳ ಕುಟುಂಬಗಳು ಮಳೆಗಾಲದಲ್ಲೇ ಮುಂಬೈಗೆ ಬಂದು ವಾರಗಟ್ಟಲೆ ಇರುತ್ತವೆಂದು ಮಲ್ಲಪ್ಪನವರು ಕೇಳಿ ತಿಳಿದಿದ್ದರು.

“ಅರಬರು ಮುಂಬೈತನಕ ತಾವಾಗೇ ಬರ್ತಾರ್ರಿ. ನೀವು ಘಾಟೊಂದು ಹತ್ತಿಸಿ ಕೊಡ್ರಿ, ಸಾಕು,” ಎಂದರು.

ಅರಬ್ಬಿ ಪುಟ ಬರೆಯಲು ಸಾಲಿಂ ಸಿಕ್ಕ. ಒಮಾನಿನಿಂದ ಪುಣೆಗೆ ವಾಣಿಜ್ಯ ಓದಲು ಬಂದಿದ್ದ ಹುಡುಗ. ನಾನು ಕೊಟ್ಟದ್ದನ್ನೆಲ್ಲ ಅವನು ಸಜ್ಜನಿಕೆಯಿಂದ ಅನುವಾದಿಸಿದ. ನಾನು ಕೊಟ್ಟದ್ದಾದರೂ ಏನು? ಚಳಿಗಾಲದಲ್ಲಿ ತೆಗೆದ ನೀಲಿ ಆಕಾಶದ ಚಿತ್ರಗಳು, ಆಹ್ಲಾದಕರ ಬಿಸಿಲು, ಮನೋಹರ ಸೂರ್ಯಾಸ್ತ, ಮಳೆಯ ಹನಿಯೂ ಸೋಕದ ಬೆಚ್ಚನೆಯ ಕೋಣೆಗಳು. ಘಾಟಿನ ಲಾಡ್ಜುಗಳೆಲ್ಲ ಹಾಗೆಯೇ ಮಾಡುತ್ತಿದ್ದವು. ಕನ್ಯೆ ತೋರಿಸುವ ದಿನ ಮನೆಯ ಮುಂಗೋಪಿ ಅಜ್ಜನನ್ನು ಒಳಗೆ ಕೂರಿಸುವಂತೆ ಮಳೆಯನ್ನು ಮರೆಯಲ್ಲಿಡುವುದು ಅಲ್ಲಿನ ಪದ್ಧತಿ. ಸಾಲದ್ದಕ್ಕೆ ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಬಿಸಿಲು, ಗಿರಿಧಾಮ’ ಎಂದು ಅರಬ್ಬಿಯಲ್ಲಿ ಸಾಲುಗಟ್ಟಲೆ ತುಂಬಿದೆ. ಮನುಷ್ಯರಿಗೆ ಕಾಣದೆ ಶೋಧಯಂತ್ರಕ್ಕೆ ಮಾತ್ರ ಕಾಣುವ ಆ ಮಂತ್ರ ನಮ್ಮ ವೃತ್ತಿಯಲ್ಲಿ ಆಗ ಪ್ರಚಲಿತವಿತ್ತು. ಯಂತ್ರ ಒಲಿಯಲಿಲ್ಲ, ಒಲಿದಿದ್ದರೂ ಬಿಸಿಲನ್ನು ಹುಡುಕುವ ಅರಬನೊಬ್ಬ ಇರಬೇಕಿತ್ತಲ್ಲ.

ಜೂನ್ ತಿಂಗಳ ಒಂದು ಸಂಜೆ, ಹೊಸ ಚಿತ್ರ ತೆಗೆಯೋಣವೆಂದು ನಾನೂ ಸಾಲಿಮನೂ ಲೋಣಾವಳಾಕ್ಕೆ ಹೋದೆವು. ಚಹಾ ಬಂತು, ಸಾಲಿಂ ಬರಲಿಲ್ಲ. ಪಡಸಾಲೆಯ ಕಂಬಕ್ಕೊರಗಿ ಹೊರಗೆ ನೋಡುತ್ತ ನಿಂತಿದ್ದ. (ಮಳೆ ಇರಲಿಲ್ಲವಾದರೆ ಅವನು ನೋಡುತ್ತಿದ್ದುದೇನನ್ನು? ಬರೀ ಮಂಜನ್ನೂ ಇರಬಹುದು, ಎನ್ನುತ್ತದೆ ನನ್ನ ತರ್ಕಶಾಸ್ತ್ರ.) ತನ್ನ ದೇಶದ ದಕ್ಷಿಣಕ್ಕೆ ಸಲಾಲಾ ಎಂಬ ಊರಿದೆ, ಈ ತಿಂಗಳುಗಳಲ್ಲಿ ಅಲ್ಲಿ ಬೀಳುವ ಜಿನುಗುಮಳೆಗಾಗಿ ಕೊಲ್ಲಿಯ ಜನ ಮರಳುಗಾಡು ದಾಟಿ ಕಾರಿನಲ್ಲಿ ಬರುತ್ತಾರೆ ಎಂದ. ಹಾಗಾದರೆ ನಿಮ್ಮಮ್ಮ ಇಂಟರ್ನೆಟ್ಟಿನಲ್ಲಿ ಏನೆಂದು ಹುಡುಕಿಯಾರು ಎಂದು ಕೇಳಿದೆ. ಬಿಸಿಲನ್ನಂತೂ ಅಲ್ಲ, ಅದು ಮನೆಯಲ್ಲೇ ಬೇಕಾದಷ್ಟಿದೆ ಎಂದು ನಕ್ಕ. ಪ್ರಶ್ನೆ ಮೊದಲು ನನ್ನದೋ, ಉತ್ತರ ಮೊದಲು ಅವನದೋ, ಈಗಲೂ ನಮ್ಮಿಬ್ಬರಲ್ಲಿ ವಾದವಿದೆ.

ಪುಟದಲ್ಲಿ ಮಳೆಯನ್ನೇ ತೋರಿಸೋಣವೆಂದರೆ ಮಲ್ಲಪ್ಪನವರು ಮಾತ್ರ ಒಪ್ಪಲಿಲ್ಲ. ಮಳೆ ತೋರಿಸಿ ಗಿರಾಕಿ ಕರೆಯುವುದೆಂದರೆ ಅಂಗಡಿಯಲ್ಲಿ ಹರಿದ ಧೋತರವನ್ನೇ ಮೊದಲು ಬಿಚ್ಚಿ ಹಾಸಿದಂತೆ ಎಂಬುದು ಅವರ ನ್ಯಾಯ. ಅಷ್ಟರಲ್ಲಿ ಅವರ ಪತ್ನಿ ನೀಲಮ್ಮನವರು, ಕಪ್ಪುಗಳನ್ನು ಎತ್ತಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು:

“ಮದುವಿಯಾದ ವರ್ಷ ನನ್ನ ಇಲ್ಲಿಗೆ ಕರಕೊಂಡು ಬಂದದ್ದು ಯಾತಕ್ಕರಿ? ಮಳಿ ತೋರಸ್ತೀನಿ ಅಂತನ ಅಲ್ಲ? ಹೆಂಡತಿಗೆ ತೋರಿಸಿದ್ದನ್ನ ಮಂದಿಗೆ ಯಾಕ ಮುಚ್ಚತೀರಿ?”

ಮಲ್ಲಪ್ಪನವರು ಚಹಾ ಮುಗಿಸಿ, ತಾವೇ ಒಂದು ಕೊಡೆ ತಂದು ನನ್ನ ಕ್ಯಾಮೆರಾದ ಮೇಲೆ ಹಿಡಿದರು.

ಬಿಳಿಯ ಅಕ್ಷರಗಳನ್ನೆಲ್ಲ ಅಳಿಸಿದೆವು. ಪಡಸಾಲೆಯೊಳಕ್ಕೆ ನುಗ್ಗುತ್ತಿರುವ ಮೋಡ, ಗುಡ್ಡ ಎಲ್ಲಿದೆಯೆಂದೇ ಕಾಣದ ಬಿಳುಪು, ಸೂರಿನ ನೀರು ಪುಟ ತುಂಬಿದವು. ತಲೆಬರಹವನ್ನು ಸಾಲಿಂ ತನ್ನ ಅಮ್ಮನಿಗೆ ಹೇಳುವಂತೆ ಬರೆದ: ದಿನವಿಡೀ ಕೂತು ಮಳೆ ನೋಡಬಹುದಾದ ಮನೆ, ಮುಂಬೈಗೆ ಹತ್ತಿರ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಕುವೈತಿನದೊಂದು ಕುಟುಂಬ ಮುಂಬೈಯಿಂದ ಟ್ಯಾಕ್ಸಿಗಳಲ್ಲಿ ಬಂದಿಳಿಯಿತು. ಅವರ ಅಜ್ಜಿ ಕೋಣೆಯನ್ನು ನೋಡಲೇ ಇಲ್ಲವಂತೆ. ಪಡಸಾಲೆಗೆ ಕುರ್ಚಿ ಹಾಕಿಸಿಕೊಂಡು, ಸೂರಿನ ನೀರಿಗೆ ಅಂಗೈ ಒಡ್ಡಿ ಕೂತವರನ್ನು ಊಟಕ್ಕೆ ಎಬ್ಬಿಸುವುದೇ ಕಷ್ಟವಾಯಿತಂತೆ. ಮೊಮ್ಮಗ ಆ ಚಿತ್ರಗಳನ್ನು ಅರಬ್ಬಿ ಪ್ರವಾಸಿಗರು ಹರಟುವ ಒಂದು ಜಾಲತಾಣದಲ್ಲಿ ಹಾಕಿದ. ಎಲ್ಲಿದೆ, ಹೇಗೆ ಹೋಗಬೇಕು ಎಂದು ಕೇಳಿದವರಿಗೆಲ್ಲ ಅಲ್ಲಿನವರೇ ನಮ್ಮ ಪುಟದ ಕೊಂಡಿ ಕೊಟ್ಟರು. ಶೋಧಯಂತ್ರವೂ ಸಂಬಂಧ ನೋಡುವ ಹಿರಿಯರಂತೆಯೇ: ನಾವು ಹೇಳಿಕೊಂಡದ್ದನ್ನಲ್ಲ, ನಾಲ್ಕು ಜನ ನಮ್ಮ ಬಗ್ಗೆ ಹೇಳುವುದನ್ನು ನಂಬುತ್ತದೆ. ಒಂದು ಬೆಳಗ್ಗೆ ನನ್ನ ಕಚೇರಿಯಲ್ಲಿ ಸಾಲಿಂ ‘ಭಾರತ, ಮಳೆ’ ಎಂದು ಅರಬ್ಬಿಯಲ್ಲಿ ಒತ್ತಿದ. ಎಲ್ಲಕ್ಕಿಂತ ಮೇಲೆ ಮಲ್ಲಪ್ಪನವರ ಲಾಡ್ಜು ಕೂತಿತ್ತು. ಗಿರಣಿಯ ಸದ್ದಿನಲ್ಲಿ ಇಬ್ಬರೂ ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಂಡೆವು. ಅಂಗಿಗಳಿಂದ ಜೋಳದ ಹಿಟ್ಟು ಹಾರಿತು.

ಶ್ರಾವಣದ ಒಂದು ಮಂಗಳವಾರ, ಗೋದಾಮಿನ ಅಳತೆಗೆಂದು ಮಲ್ಲಪ್ಪನವರ ಅಣ್ಣ ಬಡಗಿಯೊಂದಿಗೆ ಬಂದ. ಅಳೆಯಲು ಒಂದು ಕೋಣೆಯೂ ಖಾಲಿಯಿರಲಿಲ್ಲ. ರಾತ್ರಿ ತಮ್ಮನ ಅಡುಗೆಮನೆಯ ಪಕ್ಕದಲ್ಲಿ ಮಲಗಿದ್ದವನು, ಬೆಳಗ್ಗೆ ಎದ್ದು ಪಡಸಾಲೆಯ ತುಂಬ ಕೂತಿದ್ದ ಜನರನ್ನು ನೋಡಿದ.

“ಪಡಸಾಲಿ ಸಣ್ಣದಾತಲ್ಲೋ,” ಎಂದವನೇ ಬಡಗಿಗೆ ಅದನ್ನು ಅಳೆಯಲು ಹೇಳಿದ.

ನಮ್ಮ ಲೋಪವೆಂದು ನಾವು ಮುಚ್ಚಿಟ್ಟದ್ದನ್ನು ಲೋಕದ ಇನ್ನೊಂದು ತುದಿಯಲ್ಲಿ ಯಾರೋ ಆಸೆಯಿಂದ ಹುಡುಕುತ್ತಿರುತ್ತಾರೆ ಎಂದು ನಾನು ಅಂದಿನಿಂದ ನಂಬಿದ್ದೇನೆ. ಸಂಶಯಿಯೊಬ್ಬ ಹೀಗೆ ನಂಬುವುದೇ ಒಂದು ದಿಗ್ವಿಜಯ. ಆದರೆ ಈ ಕಥೆಯನ್ನು ಹೇಳಿದಂತೆಲ್ಲ ಅದರ ಮಳೆ ಜೋರಾಗುತ್ತ ಬಂದಿದೆ. ಅಣ್ಣನ ಬಡಗಿಯಂತೂ ತೀರ ಹೊಂದಿಕೊಂಡು ಬರುತ್ತಾನೆ. ಅವನನ್ನು ಕಥೆಗೆ ನಾನೇ ಕರೆಸಿರಬಹುದು. ಹಾಗಾಗಿ ಖಾತ್ರಿ ಮಾಡಿಕೊಳ್ಳಲೆಂದು, ಕೆಲವು ವರ್ಷಗಳ ಮೇಲೆ, ಒಂದು ಜುಲೈಯಲ್ಲಿ, ನಾನು ಯಾರೆಂದು ಹೇಳದೆ ಲಾಡ್ಜಿಗೆ ಫೋನ್ ಮಾಡಿ, ವಾರದ ನಡುವೆ ಒಂದು ಕೋಣೆ ಬೇಕೆಂದೆ. ಫೋನೆತ್ತಿದವರು ನೀಲಮ್ಮನವರು, ಅವರಿಗೆ ನನ್ನ ದನಿ ಗುರುತಾಗಲಿಲ್ಲ.

“ಮಳಿ ನಿಲ್ಲೋತನಕ ಒಂದೂ ಖೋಲಿ ಇಲ್ರಿ,” ಎಂದರು. “ಬ್ಯಾಸಗ್ಯಾಗ ಬರ್ರಿ, ಆಗ ಯಾರೂ ಇರಂಗಿಲ್ಲ.”