ಹವಳದ ತೊಟ್ಟಿಗೆ ಎಷ್ಟು ದೊಡ್ಡ ಚಿಲ್ಲರ್ ಬೇಕು

ಮನೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಕಾಳಿ ನದಿ. ಅಂಥದ್ದರಲ್ಲಿ ನಮ್ಮ ಮನೆಯವರು ಸಮುದ್ರವನ್ನೇ ಪಡಸಾಲೆಗೆ ತಂದಿಟ್ಟರು. ಪೇಪರ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತರಾದ ಮೇಲೆ ಗೋವಾದ ಗೆಳೆಯನೊಬ್ಬನ ಮನೆಗೆ ಹೋಗಿ, ಅವನು ತೊಟ್ಟಿಯಲ್ಲಿ ಬೆಳೆಸಿದ ಮೆತ್ತನೆಯ ಹವಳ ನೋಡಿ ಬಂದರು. ಬಂದವರಿಗೆ ಊಟದ ಮೇಲೆ ಧ್ಯಾನವೇ ಇಲ್ಲ. ಆಮೇಲೆ ಸಾವಿರ ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಬಂತು, ಸಮುದ್ರದ ಉಪ್ಪು ಬಂತು, ಪಂಪು ಬಂತು, ನೀಲಿ ದೀಪ ಬಂತು. ಹುಚ್ಚು ಹಿಡಿದರೆ ಹೀಗೇ ಹಿಡಿಯಬೇಕು ಎಂದು ನಾನೂ ಸುಮ್ಮನಾದೆ.

ನನಗೂ ನನ್ನದೊಂದು ಉದ್ಯೋಗವಿತ್ತಲ್ಲ. ಪಡಸಾಲೆಗೆ ಅಂಟಿಕೊಂಡ ಅಡುಗೆಮನೆಯಲ್ಲಿ ಎರಡು ಒಲೆ ಹಚ್ಚಿ, ನಾನು ಮತ್ತು ನನ್ನ ಗೆಳತಿ ದಿನಾ ಜೋಳದ ರೊಟ್ಟಿ ಬಡಿಯುತ್ತೇವೆ. ಗಣೇಶಗುಡಿಯ ಹೋಂಸ್ಟೇಗಳಿಗೂ ದಾಂಡೇಲಿಯ ಖಾನಾವಳಿಗಳಿಗೂ ನಮ್ಮದೇ ರೊಟ್ಟಿ; ಗಣೇಶಗುಡಿಯ ಇನ್ನೊಂದು ಆರ್ಡರನ್ನು ಒಲೆ ಸಾಲದೆಂದು ಬಿಟ್ಟುಕೊಟ್ಟೆವು. ಜನ ನಮ್ಮ ಮನೆ ಹುಡುಕಿಕೊಂಡು ಬರುವುದು ಫಿಟ್ಟರ್ ಸಾಹೇಬರ ಹೆಸರು ಹೇಳಿ ಅಲ್ಲ, ರೊಟ್ಟಿಯ ಹೆಸರು ಹೇಳಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಸೊಕ್ಕು ಬರುತ್ತದೆ, ಬರಲಿ.

ಹವಳಕ್ಕೆ ನೀರು ಇಪ್ಪತ್ತಾರು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕಂತೆ. ಅದಕ್ಕೆ ನೀರನ್ನು ತಂಪು ಮಾಡುವ ಚಿಲ್ಲರ್ ಬೇಕು. ನೀರೆಷ್ಟು, ಪಂಪು ದೀಪಗಳ ಬಿಸಿಯೆಷ್ಟು, ಕೋಣೆ ಎಷ್ಟು ಕಾಯುತ್ತದೆ ಎಂದು ಹುಬ್ಬಳ್ಳಿಯ ಅಂಗಡಿಯವರು ಫೋನಿನಲ್ಲಿ ಕೇಳಿದರು. ಇವರು ಗದ್ದಲವಿಲ್ಲದ ದಿನ ನೋಡಿ ಥರ್ಮಾಮೀಟರ್ ಹಿಡಿದು ಕೂತರು. ಅವತ್ತು ನಾಗರ ಪಂಚಮಿ. ನಮ್ಮ ಧಾರವಾಡ ಕಡೆಯವರು ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ, ರೊಟ್ಟಿಯೆಲ್ಲ ಮುಂಚೆಯೇ ಬಡಿದಿಟ್ಟಿರುತ್ತೇವೆ. ಹೊರಗಿಗಿಂತ ಒಳಗೆ ಬಿಸಿ ಎಷ್ಟು ಹೆಚ್ಚು ಎಂದು ಅಳೆದು, ಅದಕ್ಕೆ ಬೇಸಿಗೆಯ ಬಿಸಿಲನ್ನು ಕೂಡಿಸಿ, ಅರ್ಧ ಎಚ್‌ಪಿ ಸಾಕು ಎಂದು ತೀರ್ಮಾನಿಸಿದರು.

ಚಳಿಗಾಲದಲ್ಲಿ ಎಲ್ಲ ಚೆನ್ನಾಗಿತ್ತು. ಗೆಳೆಯ ಕೊಟ್ಟ ಹವಳದ ತುಂಡುಗಳು ಕಲ್ಲಿಗೆ ಅಂಟಿಕೊಂಡು ಅರಳಿದವು. ಬೈಯುತ್ತಲೇ ನಾನೂ ತೊಟ್ಟಿಯ ಮುಂದೆ ಕೂರುವುದನ್ನು ಕಲಿತೆ. ಬೇಸಿಗೆ ಬಂತು ನೋಡಿ, ಚಿಲ್ಲರ್ ಉಸಿರು ಬಿಡದೆ ಓಡತೊಡಗಿತು. ನೀರು ತಂಪಾಗಲಿಲ್ಲ, ಹವಳ ಮುದುಡಿಕೊಂಡಿತು. ಚಿಲ್ಲರಿನ ಬಿಸಿಗಾಳಿ ಒಳಗೇ ಸುತ್ತುತ್ತದೆಂದು ಅದನ್ನು ಹಿತ್ತಲ ಕಟ್ಟೆಗೆ ಒಯ್ದರು. ಪಡಸಾಲೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ಅಷ್ಟು ಮಾಡಿದರೂ ಹವಳ ಅರಳಲಿಲ್ಲ. ಇವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ದಿನ ಗೆಳತಿ ಮುಂಡಗೋಡದ ಸನವಳ್ಳಿಗೆ ಮದುವೆಗೆ ಹೋದಳು, ಒಲೆ ಹಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಲ್ಲರ್ ತಾನೇ ನಿಂತು ವಿಶ್ರಾಂತಿ ಪಡೆಯಿತು. ಇವರು ತೊಟ್ಟಿ ನೋಡಿದರು, ಪಂಚಮಿಯ ದಿನದ ಹಾಗೆ ತಣ್ಣಗಿದ್ದ ಒಲೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಅಂಗಡಿಯವರು ಫೋನಿನಲ್ಲಿ, "ಒಲಿ ಬ್ಯಾರೆ ಕಡೆ ಹಾಕ್ರಿ, ಇಲ್ಲಾ ಇದನ್ನ ವಾಪಸ್ ಕೊಟ್ಟು ದೊಡ್ಡದು ತಗೋರಿ. ಆದ್ರ ಅಂದಾಜಿಲೆ ಭಾಳ ದೊಡ್ಡದು ತಗೊಂಡ್ರೂ ಘಳಿಗಿಗೊಮ್ಮೆ ಚಾಲೂ ಆಗಿ ಬಂದ್ ಆಗಿ ಕೆಡ್ತೈತಿ. ಬರೋಬ್ಬರಿ ಲೆಕ್ಕಾ ಹೇಳ್ರಿ" ಎಂದರು.

ಒಲೆ ಹಾಕಲು ಬೇರೆ ಜಾಗ ಎಲ್ಲಿದೆ? ಹವಳದ ಮುಂದೆ ಹೆಂಡತಿಯ ಒಲೆಗೆ ಏನು ಬೆಲೆ?

"ಒಲಿ ಆರಸಂದ್ರ ನಾ ಆರಸೂದಿಲ್ಲ ನೋಡ್ರಿ, ಮೊದಲ ಹೇಳೇನಿ" ಎಂದೆ.

ಮರುದಿನ ನಾವು ರೊಟ್ಟಿಗೆ ಕೂತಾಗ ಇವರು ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ಕೂತರು. ಬೆವರು ಒರೆಸಿಕೊಳ್ಳುತ್ತ, ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೂ ಏಳಲಿಲ್ಲ. ನನ್ನ ಒಲೆಯ ವಿರುದ್ಧ ಸಾಕ್ಷಿ ಕಲೆಹಾಕುತ್ತಿದ್ದಾರೆ ಎಂದು ನಾನು ಸಿಟ್ಟಿನಿಂದ ಹಿಟ್ಟು ಬಡಿದೆ. ಇವರು ಅಲ್ಲೇ ಕೂತು, ಸ್ಪೀಕರ್ ಹಚ್ಚಿ ಅಂಗಡಿಗೆ ಫೋನ್ ಮಾಡಿದರು.

"ಮನ್ಯಾಗ ರೊಟ್ಟಿ ಒಲಿ ಅದಾವ್ರಿ. ದಿನಾ ಉರೀತಾವ, ಮುಂದೂ ಉರೀತಾವ. ಅವನ್ನ ಹಿಡದ ಲೆಕ್ಕಾ ಹಾಕ್ರಿ."

"ಎಷ್ಟ ಒಲಿರಿ?"

"ಮೂರ್ ರೀ."

ನಾನು ಹಿಟ್ಟಿನ ಕೈ ಆಡಿಸಿ, "ಎರಡ ಅದಾವಲ್ರೀ" ಎಂದು ಪಿಸುಗುಟ್ಟಿದೆ.

ಫೋನಿಗೆ ಅಂಗೈ ಮುಚ್ಚಿ ಇವರು ಕೇಳಿದರು, "ಇನ್ನೊಂದು ಹಚ್ಚಂಗಿಲ್ಲೇನ ನೀ?"

ಒಂದು ಎಚ್‌ಪಿಯ ಚಿಲ್ಲರ್ ಬಂತು. ಹವಳ ಮತ್ತೆ ಅರಳಿದ ದಿನ ನಾನು ಗಣೇಶಗುಡಿಗೆ ಫೋನ್ ಮಾಡಿ, ಒಲೆ ಸಾಲದೆಂದು ಬಿಟ್ಟುಕೊಟ್ಟಿದ್ದ ಆರ್ಡರನ್ನು ಒಪ್ಪಿಕೊಂಡೆ.